ಗೋಡೆಯ ಬೂಷ್ಟಿಗೆ ಹೊಣೆ ಯಾರು? ಬಾಡಿಗೆದಾರರು ಕೇಳಬೇಕಾದ ಕ್ರಮ

ಪುನರ್ವಸು, ಪುಷ್ಯ ಮಳೆಗಳು ಹಿಡಿದವೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬಾಡಿಗೆ ಮನೆಗಳ, ಸರ್ಕಾರಿ ವಸತಿಗೃಹಗಳ ಗೋಡೆಗಳಲ್ಲಿ ಬೂಷ್ಟು ಏಳುತ್ತದೆ. ದೂರು ಹೇಳಿದರೆ ‘ಮಲೆನಾಡಲ್ಲವೇ, ಇದು ಇದ್ದದ್ದೇ’ ಎಂಬ ಉತ್ತರ ಬರುತ್ತದೆ. ಈ ಉತ್ತರವನ್ನು ಒಪ್ಪಬೇಕಾಗಿಲ್ಲ. ಮಳೆ ಯಾರ ಕೈಯಲ್ಲೂ ಇಲ್ಲ, ನಿಜ; ಬಿರುಕುಬಿಟ್ಟ ತಾರಸಿ, ಒಡೆದ ಕೊಳವೆಗಳ ದುರಸ್ತಿ ಮಾತ್ರ ಕಟ್ಟಡ ನೋಡಿಕೊಳ್ಳುವವರ ಕೈಯಲ್ಲೇ ಇದೆ.

ಆದ್ದರಿಂದ ಮೊದಲು ತೇವದ ಮೂಲವನ್ನು ಗುರುತಿಸಿಕೊಳ್ಳಬೇಕು. ನೆಲದಿಂದ ಮೇಲೇರಿದ ಕಲೆ ಸಾಮಾನ್ಯವಾಗಿ ಅಡಿಪಾಯದ ತೇವ. ಸೂರಿನಿಂದ ಕೆಳಗಿಳಿದದ್ದು ತಾರಸಿಯ ಸೋರಿಕೆ. ಬೀರುವಿನ ಹಿಂದೆ ಮಾತ್ರ ಕಾಣುವುದು ಬಹುಮಟ್ಟಿಗೆ ಗಾಳಿಯಾಡದಿರುವುದರ ಫಲ. ಸಂಶಯವಿದ್ದರೆ ಗೋಡೆಯ ಮೇಲ್ಮೈಯನ್ನು ಒರೆಸಿ, ಒಂದು ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದರೆ ನೀರು ಗೋಡೆಯದು, ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು. ‘ನೀವು ಒಳಗೇ ಬಟ್ಟೆ ಒಣಗಿಸುತ್ತೀರಿ’ ಎಂದು ಮನೆಯವರನ್ನೇ, ಅದರಲ್ಲೂ ಹೆಂಗಸರನ್ನೇ ದೂರುವ ರೂಢಿ ಇರುವುದರಿಂದ ಈ ವ್ಯತ್ಯಾಸ ಬಹಳ ಮುಖ್ಯ. ಹಾಳೆಯ ಫೋಟೊ ತೆಗೆದಿಡಿ. ಮಕ್ಕಳಿಗೆ ಉಬ್ಬಸವಿದ್ದರೆ ವೈದ್ಯರ ಚೀಟಿಯೂ ಜೊತೆಗಿರಲಿ.

ದೂರನ್ನು ಬರೆದೇ ಕೊಡಿ. ಸ್ಥಳ ಪರಿಶೀಲನೆ ನಡೆಸಿ ಹಿಂಬರಹ (ಲಿಖಿತ ಉತ್ತರ) ನೀಡುವಂತೆ ಅದರಲ್ಲೇ ಕೇಳಿ, ಎರಡನೆಯ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮನೆ ಸರ್ಕಾರದ್ದಾಗಿದ್ದು, ಕಚೇರಿ ಸುಮ್ಮನಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ, ಆ ಕಟ್ಟಡದ ದುರಸ್ತಿ ವೆಚ್ಚ, ಅಂದಾಜು ಪಟ್ಟಿ ಹಾಗೂ ನಿಮ್ಮ ದೂರಿನ ಮೇಲಿನ ಕಡತ ಟಿಪ್ಪಣಿಯ ಪ್ರತಿಗಳನ್ನು ಕೇಳಬಹುದು. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ, ಸಾಮಾನ್ಯವಾಗಿ 150 ಪದಗಳೊಳಗಿರಬೇಕು. ಉತ್ತರಕ್ಕೆ 30 ದಿನಗಳ ಗಡುವಿದೆ. ಹಣ ಮಂಜೂರಾಗಿಯೂ ಕೆಲಸ ನಡೆಯದಿದ್ದರೆ ಅದು ಈ ಕಾಗದಗಳಲ್ಲೇ ಕಾಣುತ್ತದೆ.

ಗೃಹಮಂಡಳಿ ಅಥವಾ ಪ್ರಾಧಿಕಾರದಿಂದ ಹಣ ಕೊಟ್ಟು ಹಂಚಿಕೆ ಪಡೆದ ಮನೆಯಾದರೆ, ದೂರಿನ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಇಂಥ ಸಂಸ್ಥೆಗಳ ವಸತಿ ಸೇವೆಯೂ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1993ರಲ್ಲಿ, ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ ಹೇಳಿದೆ.

ಖಾಸಗಿ ಮನೆಯಲ್ಲಿ ಎಲ್ಲವೂ ಕರಾರನ್ನು ಅವಲಂಬಿಸಿದೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ನೋಟಿಸ್ ಕೊಟ್ಟ ಮೇಲೂ ಮಾಡದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಲು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಆದರೆ ಸೋರಿಕೆಯ ದುರಸ್ತಿ ಅವರದೆಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಬೇಸಿಗೆಯಲ್ಲಿ ಮನೆ ನೋಡಲು ಹೋದಾಗ ಹೊಸ ಬಣ್ಣ ಬಳಿದ ಮೂಲೆಯನ್ನು ಕೈಯಿಟ್ಟು ಮುಟ್ಟಿ ನೋಡಿ, ಆ ಸಾಲು ಸೇರಿಸಿದ ಮೇಲೆಯೇ ಸಹಿ ಹಾಕಿ.