ಸಭೆಗೆ ಲೈನ್‌ಮನೆಯವರು ಬರತೊಡಗಿದ್ದು ಹೀಗೆ

ಕೊಡಗಿನ ಗೋಣಿಕೊಪ್ಪದ ಹತ್ತಿರದ ನಮ್ಮ ಸಣ್ಣ ಸಂಘಕ್ಕೆ ಲೈನ್‌ಮನೆಯ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಯ, ಯರವ ಬುಡಕಟ್ಟಿನ ಹೆಂಗಸರೂ ಸದಸ್ಯರು. ರಿಜಿಸ್ಟರ್‌ನಲ್ಲಿ ಹೆಸರಿತ್ತು, ಸಭೆಯಲ್ಲಿ ಮುಖವಿರಲಿಲ್ಲ. ‘ಅವರಿಗೆ ಆಸಕ್ತಿಯಿಲ್ಲ’ ಅಂತ ನಾನೇ ಎಷ್ಟೋ ಸಲ ಹೇಳಿದ್ದೇನೆ, ನಾಚಿಕೆಯಾಗುತ್ತದೆ.

ಒಮ್ಮೆ ಬಂದ ಅಕ್ಕ ಒಬ್ಬರನ್ನು ಕೇಳಿದೆ. ‘ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕಾಫಿ ಕೊಯ್ಯೋದು ಯಾರು? ತೋಟದ ಲೆಕ್ಕ ಬರೆಯೋ ರೈಟರ್ ಅರ್ಧ ದಿನದ ಕೂಲಿ ಹಿಡೀತಾರೆ’ ಅಂದರು. ಆಮೇಲೆ ತಗ್ಗಿದ ದನಿಯಲ್ಲಿ, ‘ನಿಮಗೆ ಸ್ಟೀಲ್ ಲೋಟ, ನಮಗೆ ಪೇಪರ್ ಕಪ್ಪು.’

ಲೋಟದ್ದು ಅಂದೇ ಸರಿಮಾಡಿದೆವು. ಎಲ್ಲರಿಗೂ ಒಂದೇ ತರಹದ್ದು, ತೊಳೆಯುವ ಸರದಿ ಅಧ್ಯಕ್ಷರಿಗೂ ಉಂಟು. ಡಿಸೆಂಬರ್‌ನಿಂದ ಕೊಯ್ಲು ಮುಗಿಯುವ ತನಕ ಸಭೆ ಭಾನುವಾರ ಸಂಜೆ, ಲೈನ್‌ಮನೆ ಅಂಗಳದಲ್ಲೇ; ಕುರ್ಚಿ ಬೇಡ, ಎಲ್ಲರೂ ಚಾಪೆ ಮೇಲೆ. ನಡಾವಳಿಯನ್ನು ಓದಿ ಹೇಳಿ, ಹುಡುಗಿಯೊಬ್ಬಳಿಂದ ಯರವ ಭಾಷೆಯಲ್ಲೂ ಹೇಳಿಸಿದೆವು.

ತಕರಾರು ಬಂದದ್ದು ಕಾರ್ಯಕಾರಿ ಸಮಿತಿಯಲ್ಲಿ ಲೈನ್‌ಮನೆಯವರಿಗೆ ಎರಡು ಸ್ಥಾನ ಮೀಸಲಿಡೋಣ ಅಂದಾಗ. ಮೂರು ಸಭೆ ಜಗಳವೇ ಆಯಿತು. ಕೊನೆಗೆ ಸರ್ವಸದಸ್ಯರ ಸಭೆಯಲ್ಲಿ ಬೈಲಾ ತಿದ್ದಿ, ರಿಜಿಸ್ಟ್ರಾರ್ ಕಚೇರಿಗೆ ಸಲ್ಲಿಸಿದೆವು.

ಹೊಸ ಸಮಿತಿಯಲ್ಲಿ ಆ ಅಕ್ಕನ ಮೊದಲ ಪ್ರಶ್ನೆ: ‘ಹೋದ ವರ್ಷದ ಲೆಕ್ಕ ಎಲ್ಲಿ?’ ಖಜಾಂಚಿ ಇನ್ನೂ ಬಿಲ್ಲು ಹುಡುಕುತ್ತಿದ್ದಾರೆ.