ಶಿಲೀಂಧ್ರನಾಶಕದ ವಿಷ ಮಣ್ಣಿಂದ, ನೀರಿಂದ ಹೋಗಬೇಕಾ? ಮೊದಲು ಪಂಪ್ ತೊಳೆಯುವ ಜಾಗ ಬದಲಿಸಿ

ಗಂಗಾವತಿ, ಸಿಂಧನೂರು ಕಡೆ ಭತ್ತಕ್ಕೆ ಬೆಂಕಿ ರೋಗ ಬಂತು ಅಂದರೆ ಟ್ರೈಸೈಕ್ಲಜೋಲ್ ಅನ್ನೋ ಶಿಲೀಂಧ್ರನಾಶಕ ಹೊಡೆಯುತ್ತಾರೆ, ಹೊಡೆದ ಮೇಲೆ ಪಂಪನ್ನು ಕಾಲುವೆಯಲ್ಲೇ ಅದ್ದಿ ತೊಳೆಯುತ್ತಾರೆ. ಅದೇ ನೀರನ್ನು ಮುಂದಿನ ಊರಲ್ಲಿ ದನ ಕುಡಿಯುತ್ತವೆ, ಜನಾನೂ ಕುಡಿಯುತ್ತಾರೆ. ಹರಿಯುವ ನೀರಿಗೆ ಬಿದ್ದ ವಿಷವನ್ನು ಆಮೇಲೆ ಹಿಡಿಯೋಕೆ ಆಗಲ್ಲ. ಅದಕ್ಕೇ ಇಲ್ಲಿಂದ ಶುರು ಮಾಡಿ.

ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹಾಕಿ ಬೆಳೆಗೆ ಹೊಡೆದುಬಿಡಿ. ಪಂಪ್ ತೊಳೆಯೋಕೆ ಹೊಲದ ಮೂಲೆಯಲ್ಲಿ, ಬಾವಿ, ಬೋರು, ಹಳ್ಳದಿಂದ ದೂರ, ಒಂದು ಗುಂಡಿ ತೋಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಎರಡು ಅಡಿ ಆಳ ಸಾಕು. ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ನೀರು ಇಳಿದುಹೋಗುತ್ತದೆ, ತಳಕ್ಕೆ ದಪ್ಪ ತಾಡಪಾಲು ಹಾಸಿ. ಎರಡು ಪಾಲು ಕತ್ತರಿಸಿದ ಭತ್ತದ ಹುಲ್ಲು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಹೊಲದ ಮೇಲ್ಮಣ್ಣು ಕಲಸಿ ತುಂಬಿ. ಹಸಿಯಾಗಿಟ್ಟು ಒಂದೂವರೆ ತಿಂಗಳು ಬಿಡಿ, ಮೇಲೆ ಹಸಿರು ಹುಲ್ಲು ಬೆಳೆಸಿ, ಮಳೆ ನೀರು ತುಂಬದ ಹಾಗೆ ಎತ್ತರದಲ್ಲಿ ಒಂದು ತಗಡಿನ ಚಪ್ಪರ ಹಾಕಿ. ಆಮೇಲೆ ಪಂಪನ್ನು ಇದರ ಮೇಲೇ ತೊಳೆಯಿರಿ. ಒಳಗಿನ ಭತ್ತದ ಹುಲ್ಲನ್ನು ತಿನ್ನೋ ಬಿಳಿ ಬೂಷ್ಟಿನ ಶಿಲೀಂಧ್ರಗಳೇ ವಿಷವನ್ನೂ ಒಡೆಯುತ್ತವೆ. ಸ್ವೀಡನ್‌ನಲ್ಲಿ 1993ರಲ್ಲಿ ಶುರುವಾದ ಉಪಾಯ ಇದು, ನಮ್ಮಲ್ಲಂತೂ ಹುಲ್ಲಿಗೆ ಬರವೇ ಇಲ್ಲ. ಸುಮ್ನೆ ಬೆಂಕಿ ಹಚ್ಚೋ ಬದಲು ಹೀಗೆ ಬಳಸಬಹುದು ಅಲ್ವಾ? ಹುಲ್ಲು ಕೊಳೆತು ಕುಸಿದಂತೆಲ್ಲ ಹೊಸದು ಸೇರಿಸಿ. ಕೆಲವು ವರ್ಷಕ್ಕೊಮ್ಮೆ ಎಲ್ಲಾ ತೆಗೆದು, ಒಂದು ವರ್ಷ ಮುಚ್ಚಿ ಕೊಳೆಸಿ, ಆಮೇಲೆ ಹೊಲಕ್ಕೆ ಹರಡಿ.

ಇನ್ನು ಹೊಲದ ಮಣ್ಣು. ಏನು ಹೊಡೆದಿದ್ದೀರಿ ಅನ್ನೋದರ ಮೇಲೆ ಎಲ್ಲಾ ನಿಂತಿದೆ. ಮೆಣಸಿನಕಾಯಿಗೆ ಹೊಡೆಯುವ ಮ್ಯಾಂಕೋಜೆಬ್ ಬೇಗ ಒಡೆಯುತ್ತದೆ, ಆದರೆ ಅದರಿಂದ ಹುಟ್ಟುವ ಇಟಿಯು ಎಂಬ ವಸ್ತು ನೀರಿನ ಜೊತೆ ಸಲೀಸಾಗಿ ಇಳಿಯುತ್ತದೆ. ಕಾರ್ಬೆಂಡಜಿಮ್ ತಿಂಗಳುಗಟ್ಟಲೆ ಉಳಿಯುತ್ತದೆ. ಇವಕ್ಕೆಲ್ಲ ಮದ್ದು ಒಂದೇ: ಮಣ್ಣಿನ ಜೀವಾಣುಗಳಿಗೆ ಊಟ, ತೇವ. ತಿಪ್ಪೆಗೊಬ್ಬರ ಹಾಕಿ, ಡಯಂಚ ಬೆಳೆದು ಮಣ್ಣಿಗೆ ಸೇರಿಸಿ. ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರ ಹಾಕೋ ಆಸೆ ಇದ್ದರೆ ತಡೆಯಿರಿ, ಕಾರ್ಬೆಂಡಜಿಮ್ ಅದನ್ನೂ ಕೊಲ್ಲುತ್ತದೆ.

ತಾಮ್ರದ ಕಥೆಯೇ ಬೇರೆ. ಕುಷ್ಟಗಿ ಕಡೆಯ ದಾಳಿಂಬೆ ತೋಟದವರು ಇದನ್ನು ಗಮನ ಇಟ್ಟು ಓದಿ. ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣದ) ದ್ರಾವಣ 100 ಲೀಟರ್ ಮಾಡೋಕೆ 1 ಕಿಲೋ ಮೈಲುತುತ್ತ ಬೇಕು. ಅದರಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ತಾಮ್ರವನ್ನು ಯಾವ ಜೀವಾಣುವೂ ಒಡೆಯಲ್ಲ, ಆ ಗುಂಡಿಯಲ್ಲೂ ಅದು ಹಾಗೇ ಕೂರುತ್ತದೆ, ಹಾಗಾಗಿ ಬೋರ್ಡೋ ಪಂಪ್ ತೊಳೆದ ನೀರನ್ನು ಗುಂಡಿಗೆ ಬಿಡದೆ ಗಿಡಕ್ಕೇ ಹೊಡೆಯಿರಿ. ಮಣ್ಣಿಗೆ ಸೇರಿದ ತಾಮ್ರವನ್ನು ತೆಗೆಯೋಕೆ ಆಗಲ್ಲ, ಕಟ್ಟಿಹಾಕಬಹುದು ಅಷ್ಟೇ. ಗೊಬ್ಬರ, ಹತ್ತಿಕಟ್ಟಿಗೆಯ ಇದ್ದಿಲ ಪುಡಿ ಅದನ್ನು ಹಿಡಿದಿಡುತ್ತವೆ. ಎರೆ ಮಣ್ಣಲ್ಲಿ ಸುಣ್ಣ ಜಾಸ್ತಿ, ಅಲ್ಲಿ ಅದು ಅಷ್ಟು ಓಡಾಡಲ್ಲ. ಮಸಾರಿಯಲ್ಲಿ ಹುಷಾರು. ಮಣ್ಣು ಪರೀಕ್ಷೆಗೆ ಕೊಡುವಾಗ ತಾಮ್ರವನ್ನೂ ನೋಡಿ ಅಂತ ಬಾಯಿಬಿಟ್ಟು ಕೇಳಿ.

ಭತ್ತಕ್ಕೆ ಹೊಡೆದ ಮೇಲೆ ಒಂದು ವಾರವಾದರೂ ಮಡಿಯ ನೀರು ಹೊರಗೆ ಬಿಡಬೇಡಿ. ಬಸಿಗಾಲುವೆಯ ದಡಕ್ಕೆ ಲಾವಂಚ ಹಚ್ಚಿ, ಕಾಲುವೆಯೊಳಗಿನ ಜೊಂಡನ್ನು ಪೂರ್ತಿ ಕೀಳಬೇಡಿ, ವಿಷ ಅಂಟಿದ ಕೆಸರನ್ನು ಅದು ತಡೆಯುತ್ತದೆ.

ಕುಡಿಯುವ ನೀರನ್ನು ಕುದಿಸಿದರೆ ಈ ವಿಷ ಹೋಗಲ್ಲ. ಅನುಮಾನ ಇದ್ದರೆ ಕಾರ್ಬನ್ ಫಿಲ್ಟರ್ ಇರುವ ಆರ್‌ಓ ನೀರನ್ನೇ ಕುಡಿಯಿರಿ, ಕಾರ್ಬನ್ನನ್ನು ಹೇಳಿದ ಸಮಯಕ್ಕೆ ಬದಲಿಸಿ.