ಮೋಟರ್‌ಹೋಮ್‌ನ ಕೊಳಕು ನೀರಿನ ಟ್ಯಾಂಕ್: ಖಾಲಿ ಮಾಡುವುದು, ವಾಸನೆ ಬಾರದಂತೆ ನೋಡಿಕೊಳ್ಳುವುದು

ಮೋಟರ್‌ಹೋಮ್, ಅಂದರೆ ಒಳಗೇ ಮಲಗಲು, ಅಡುಗೆಗೆ, ಟಾಯ್ಲೆಟ್‌ಗೆ ಜಾಗ ಇರುವ ಗಾಡಿ, ಓಡಿಸುವುದನ್ನು ಜನ ಬೇಗ ಕಲಿಯುತ್ತಾರೆ. ಟಾಯ್ಲೆಟ್ ಟ್ಯಾಂಕ್ ಖಾಲಿ ಮಾಡುವ ಮಾತು ಬಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ನಿಜ ಹೇಳಬೇಕೆಂದರೆ ಅದು ಅಷ್ಟು ಹೆದರುವ ಕೆಲಸವೇ ಅಲ್ಲ. ಕೈಗೆ ಗ್ಲೌಸ್ ಇದ್ದು, ಕ್ರಮ ತಪ್ಪದಿದ್ದರೆ ಒಂದು ಹನಿಯೂ ಮೈಗೆ ತಾಗುವುದಿಲ್ಲ. ತೊಂದರೆ ಶುರುವಾಗುವುದು ಖಾಲಿ ಮಾಡುವ ದಿನ ಅಲ್ಲ, ಅದಕ್ಕೂ ಮುಂಚೆ, ಟಾಯ್ಲೆಟ್‌ಗೆ ನೀರು ಹಾಕಲು ಜಿಪುಣತನ ಮಾಡಿದಾಗ.

ಸಾಮಾನ್ಯವಾಗಿ ಗಾಡಿಯಲ್ಲಿ ಮೂರು ಟ್ಯಾಂಕ್ ಇರುತ್ತವೆ. ಒಂದು ಒಳ್ಳೆಯ ನೀರಿಗೆ. ಸಿಂಕ್ ಮತ್ತು ಸ್ನಾನದ ನೀರು ಸೇರುವುದು ಗ್ರೇ ಟ್ಯಾಂಕ್‌ಗೆ. ಟಾಯ್ಲೆಟ್‌ನದು ಬ್ಲ್ಯಾಕ್ ಟ್ಯಾಂಕ್‌ಗೆ. ಚಿಕ್ಕ ಗಾಡಿಗಳಲ್ಲಿ ಬ್ಲ್ಯಾಕ್ ಟ್ಯಾಂಕ್ ಬದಲು ಹೊರಗೆ ಎಳೆದು ತೆಗೆಯುವ ಕ್ಯಾಸೆಟ್ ಇರಬಹುದು. ಅದನ್ನು ಹೊತ್ತುಕೊಂಡು ಹೋಗಿ ಸುರಿಯಬೇಕು ಅನ್ನುವುದು ಬಿಟ್ಟರೆ ನೀರಿನ ವಿಷಯ ಅದಕ್ಕೂ ಇದೇ.

ಬ್ಲ್ಯಾಕ್ ಟ್ಯಾಂಕ್‌ನ ಕೆಳಗೆ ಒಂದು ವಾಲ್ವ್ ಇದೆ. ಅದನ್ನು ಎಳೆದಾಗ ಒಳಗಿನ ಗಟ್ಟಿ ಕಸ ತಾನಾಗಿ ಜಾರಿ ಬರುವುದಿಲ್ಲ. ಜೋರಾಗಿ ಹರಿಯುವ ನೀರು ಅದನ್ನು ಎಳೆದುಕೊಂಡು ಬರಬೇಕು. ಕ್ಯಾಂಪ್ ಜಾಗದಲ್ಲಿ ಒಳಚರಂಡಿ ಸಂಪರ್ಕ ಸಿಕ್ಕಿತೆಂದು ಕೆಲವರು ವಾಲ್ವ್ ತೆರೆದೇ ಇಡುತ್ತಾರೆ, ತಾನೇ ಹರಿದು ಹೋಗುತ್ತದೆ, ತಲೆನೋವಿಲ್ಲ ಅಂತ, ಆದರೆ ಹರಿದು ಹೋಗುವುದು ನೀರು ಮಾತ್ರ, ಉಳಿದದ್ದೆಲ್ಲ ಟಾಯ್ಲೆಟ್ ಪೈಪ್‌ನ ನೇರ ಕೆಳಗೆ ಗುಡ್ಡೆಯಾಗಿ, ಒಣಗಿ, ಸಿಮೆಂಟ್‌ನಂತೆ ಗಟ್ಟಿಯಾಗುತ್ತದೆ. ಇದು ಆಗಲೇಬಾರದು. ವಾಲ್ವ್ ಯಾವಾಗಲೂ ಮುಚ್ಚಿರಲಿ. ಟ್ಯಾಂಕ್ ಮೂರರಲ್ಲಿ ಎರಡು ಪಾಲು ತುಂಬಿದ ಮೇಲೆ ತೆರೆಯಿರಿ. ಅಷ್ಟು ತುಂಬುವ ಮೊದಲೇ ಹೊರಡಬೇಕಾಗಿ ಬಂದರೆ ಬಕೆಟ್‌ನಿಂದ ನೀರು ಸುರಿದು ತುಂಬಿಸಿ, ಆಮೇಲೆ ಖಾಲಿ ಮಾಡಿ. ಖಾಲಿ ಮಾಡಿದ ಪ್ರತಿ ಸಲವೂ ತಳಕ್ಕೆ ಹತ್ತು ಹದಿನೈದು ಲೀಟರ್ ನೀರು ಹಾಕಿಯೇ ಮತ್ತೆ ಬಳಸಲು ಶುರು ಮಾಡಿ.

ಪೇಪರ್ ಬಳಸುವವರು ಒಂದು ಚಿಕ್ಕ ಪರೀಕ್ಷೆ ಮಾಡಿ. ಒಂದು ಬಾಟಲಿ ನೀರಿಗೆ ಎರಡು ತುಂಡು ಹಾಕಿ ಅಲ್ಲಾಡಿಸಿ. ಚೂರುಚೂರಾದರೆ ಸರಿ, ಹಾಗೇ ಉಳಿದರೆ ಅದು ಟ್ಯಾಂಕ್‌ನಲ್ಲೂ ಹಾಗೇ ಉಳಿಯುತ್ತದೆ. ವೆಟ್ ವೈಪ್ಸ್ ಮಾತ್ರ ಬೇಡವೇ ಬೇಡ, ಪ್ಯಾಕೆಟ್ ಮೇಲೆ ಏನೇ ಬರೆದಿರಲಿ.

ಈಗ ಖಾಲಿ ಮಾಡುವ ಕೆಲಸ. ಡಂಪ್ ಸ್ಟೇಷನ್‌ನಲ್ಲಿ, ಅಂದರೆ ಇಂಥ ಟ್ಯಾಂಕ್ ಖಾಲಿ ಮಾಡಲೆಂದೇ ಇರುವ ಜಾಗದಲ್ಲಿ, ಗಾಡಿಯ ಪೈಪ್ ಬಾಯಿ ನೆಲದ ಗುಂಡಿಗೆ ಹತ್ತಿರ ಬರುವಂತೆ ನಿಲ್ಲಿಸಿ. ಗ್ಲೌಸ್ ಹಾಕಿ. ಮುಚ್ಚಳ ತೆಗೆಯುವ ಮುಂಚೆ ಬ್ಲ್ಯಾಕ್, ಗ್ರೇ ಎರಡೂ ಟ್ಯಾಂಕ್‌ನ ವಾಲ್ವ್ ಪೂರ್ತಿ ಒಳಗೆ ತಳ್ಳಿದೆಯಾ ಅಂತ ಕೈಯಿಂದಲೇ ಒತ್ತಿ ನೋಡಿ, ಯಾಕೆಂದರೆ ಸ್ವಲ್ಪ ತೆರೆದಿದ್ದರೂ ಮುಚ್ಚಳ ಬಿಚ್ಚಿದ ತಕ್ಷಣ ಎಲ್ಲ ಕಾಲ ಮೇಲೆ. ಹೋಸ್ ಅನ್ನು ಗಾಡಿಗೆ ತಿರುಗಿಸಿ ಸಿಕ್ಕಿಸಿ, ಎಳೆದು ನೋಡಿ. ಇನ್ನೊಂದು ತುದಿ ಗುಂಡಿಯೊಳಗೆ ಭದ್ರವಾಗಿ ಕೂತಿರಲಿ, ನೀರು ನುಗ್ಗಿದಾಗ ಅದು ಹಾರಿ ಹೊರಬರಬಾರದು. ಮಧ್ಯೆ ಹೋಸ್ ಜೋತು ಬೀಳದೆ ಇಳಿಜಾರಾಗಿರಲಿ. ಹೋಸ್ ಜೋಡಿಸುವ ಕಡೆ ಒಂದು ಪಾರದರ್ಶಕ ಮೊಣಕೈ ತುಂಡು (ಬಾಗಿದ ಪೈಪ್ ತುಂಡು) ಕೊಂಡು ಹಾಕಿಕೊಳ್ಳಿ ಅನ್ನುವುದು ನನ್ನ ಒತ್ತಾಯ. ಒಳಗೆ ಏನು ಹರಿಯುತ್ತಿದೆ ಅಂತ ಕಣ್ಣಿಗೆ ಕಂಡರೆ ಯಾವಾಗ ನಿಲ್ಲಿಸಬೇಕು ಅಂತ ಊಹೆ ಮಾಡುವ ಕಷ್ಟ ಇಲ್ಲ.

ಮೊದಲು ಬ್ಲ್ಯಾಕ್. ಯಾವಾಗಲೂ ಮೊದಲು ಬ್ಲ್ಯಾಕ್. ಹರಿವು ನಿಂತ ಮೇಲೆ ಟಾಯ್ಲೆಟ್‌ನಿಂದ ಎರಡು ಮೂರು ಬಕೆಟ್ ನೀರು ಸುರಿಯಿರಿ, ಇಲ್ಲವೇ ಟ್ಯಾಂಕ್ ತೊಳೆಯುವ ನಳ್ಳಿ ಗಾಡಿಯಲ್ಲಿದ್ದರೆ ಅದಕ್ಕೆ ಬೇರೆ ಪೈಪ್ ಜೋಡಿಸಿ, ನೀರು ತಿಳಿಯಾಗುವವರೆಗೆ ಬಿಡಿ. ಆ ನಳ್ಳಿ ಓಡುವಾಗ ವಾಲ್ವ್ ಮುಚ್ಚಿಟ್ಟು ಆಕಡೆ ಈಕಡೆ ಹೋಗಬೇಡಿ. ಟ್ಯಾಂಕ್ ತುಂಬಿ ಟಾಯ್ಲೆಟ್‌ನಿಂದ ಒಳಗೆ ಉಕ್ಕಬಹುದು, ಟ್ಯಾಂಕೇ ಬಿರುಕು ಬಿಡಬಹುದು. ಆಮೇಲೆ ಬ್ಲ್ಯಾಕ್ ಮುಚ್ಚಿ ಗ್ರೇ ತೆರೆಯಿರಿ. ಸೋಪಿನ ನೀರು ಹೋಸ್ ಅನ್ನು ತೊಳೆದುಕೊಂಡು ಹೋಗುತ್ತದೆ. ಇದಕ್ಕೇ ಗ್ರೇ ಟ್ಯಾಂಕ್‌ನಲ್ಲೂ ಸಾಕಷ್ಟು ನೀರು ಉಳಿಸಿಕೊಂಡಿರಬೇಕು. ಕೊನೆಗೆ ಗಾಡಿ ಕಡೆಯ ತುದಿ ಮೊದಲು ಬಿಚ್ಚಿ, ಎತ್ತಿ ಹಿಡಿದು, ನೀರೆಲ್ಲ ಗುಂಡಿಗೆ ಇಳಿದ ಮೇಲೆ ಇನ್ನೊಂದು ತುದಿ ತೆಗೆಯಿರಿ. ಗುಂಡಿಯ ಸುತ್ತ ನೀರು ಹಾಕಿ ತೊಳೆದು ಹೋಗಿ. ನಿಮ್ಮ ಹಿಂದೆ ಇನ್ನೊಬ್ಬರು ಕಾಯುತ್ತಿರುತ್ತಾರೆ, ಅಲ್ವಾ?

ಕುಡಿಯುವ ನೀರಿನ ಪೈಪ್ ಈ ಕೆಲಸದ ಹತ್ತಿರಕ್ಕೂ ಬರಬಾರದು. ಎರಡಕ್ಕೂ ಬೇರೆ ಬೇರೆ ಬಣ್ಣ, ಬೇರೆ ಬೇರೆ ಗೂಡು. ಗುಂಡಿ ಪಕ್ಕದ ನಳ್ಳಿ ತೊಳೆಯುವುದಕ್ಕೆ, ಅದರಿಂದ ಒಳ್ಳೆಯ ಟ್ಯಾಂಕ್ ತುಂಬಿಸಬೇಡಿ. ಬರೀ ಸೋಪಿನ ನೀರು ತಾನೆ ಅಂತ ಗ್ರೇ ಟ್ಯಾಂಕ್ ಅನ್ನು ರಸ್ತೆ ಬದಿಯಲ್ಲಿ ಬಿಡುವುದೂ ತಪ್ಪು. ಅದರಲ್ಲಿ ಜಿಡ್ಡು, ಅನ್ನದ ಅಗುಳು, ರೋಗಾಣು ಎಲ್ಲ ಇರುತ್ತವೆ.

ವಾಸನೆ ಬಂದರೆ ತಕ್ಷಣ ಕೆಮಿಕಲ್ ಸುರಿಯಬೇಡಿ, ಎಲ್ಲಿಂದ ಬರುತ್ತಿದೆ ನೋಡಿ. ಟಾಯ್ಲೆಟ್ ಬಟ್ಟಲಲ್ಲಿ ಸ್ವಲ್ಪ ನೀರು ಸದಾ ನಿಂತಿರಬೇಕು. ನಿಲ್ಲದಿದ್ದರೆ ರಬ್ಬರ್ ಸೀಲ್ ಕೊಳೆಯಾಗಿದೆ ಅಥವಾ ಸವೆದಿದೆ. ಸಿಂಕ್ ಕೆಳಗಿನ ಬಾಗಿದ ಪೈಪ್ ಒಣಗಿದ್ದರೆ ಗ್ರೇ ಟ್ಯಾಂಕ್ ವಾಸನೆ ಮೇಲೆ ಬರುತ್ತದೆ, ಒಂದು ಲೋಟ ನೀರು ಸಾಕು. ಒಳಗಿನ ಗಾಳಿಯನ್ನು ಹೊರಗೆ ತಳ್ಳುವ ಚಾವಣಿ ಫ್ಯಾನ್ ಓಡುತ್ತಿರುವಾಗ ಫ್ಲಶ್ ಮಾಡಿದರೆ ಟ್ಯಾಂಕ್‌ನ ಗಾಳಿಯನ್ನೇ ಒಳಗೆ ಎಳೆಯುತ್ತದೆ, ಆದ್ದರಿಂದ ಮೊದಲು ಫ್ಯಾನ್ ಆರಿಸಿ. ಇಷ್ಟಾದ ಮೇಲೂ ಬೇಕೆಂದರೆ ಕಸವನ್ನು ಕರಗಿಸುವ ಎನ್‌ಜೈಮ್ ಇರುವ ದ್ರಾವಣ ಹಾಕಿ. ಫಾರ್ಮಾಲ್ಡಿಹೈಡ್ ಇರುವುದು ಬೇಡ, ಅದು ಸೆಪ್ಟಿಕ್ ಟ್ಯಾಂಕ್‌ನಲ್ಲಿ ಕೆಲಸ ಮಾಡುವ ಬ್ಯಾಕ್ಟೀರಿಯಾವನ್ನೇ ಕೊಲ್ಲುತ್ತದೆ. ಬ್ಲೀಚ್ ಅಂತೂ ಬ್ಲ್ಯಾಕ್ ಟ್ಯಾಂಕ್‌ಗೆ ಹಾಕಲೇಬೇಡಿ. ರಬ್ಬರ್ ಹಾಳಾಗುವುದು ಒಂದು ಕಡೆ, ಮೂತ್ರದ ಅಮೋನಿಯಾ ಜೊತೆ ಸೇರಿದರೆ ವಿಷಗಾಳಿ ಹುಟ್ಟುತ್ತದೆ.

ಖಾಲಿ ಮಾಡಿದ ಮೇಲೂ ಟ್ಯಾಂಕ್‌ನ ಮಟ್ಟ ತೋರಿಸುವ ಮೀಟರ್ ಅದು ತುಂಬಿದೆ ಅಂತ ತೋರಿಸಿದರೆ ಗಾಬರಿ ಬೇಡ. ಸೆನ್ಸರ್ ಮೇಲೆ ಪೇಪರ್ ಅಂಟಿಕೊಂಡಿರುತ್ತದೆ. ಅರ್ಧದಷ್ಟು ನೀರು ತುಂಬಿಸಿ ಸ್ವಲ್ಪ ದೂರ ಓಡಿಸಿ, ಒಳಗೆ ಕುಲುಕಿ ಬಿಟ್ಟುಕೊಳ್ಳುತ್ತದೆ, ಆಮೇಲೆ ಮತ್ತೆ ಖಾಲಿ ಮಾಡಿ. ಗುಡ್ಡೆ ಕಟ್ಟಿದ್ದರೂ ಇದೇ ದಾರಿ, ಎನ್‌ಜೈಮ್ ಹಾಕಿ ರಾತ್ರಿಯಿಡೀ ನೆನೆಸಬೇಕು ಅಷ್ಟೇ. ತುಂಬಿದ ಟ್ಯಾಂಕ್ ಇಟ್ಟುಕೊಂಡು ದೂರ ಪ್ರಯಾಣ ಮಾತ್ರ ಬೇಡ, 150 ಲೀಟರ್ ಅಂದರೆ 150 ಕಿಲೋ ತೂಕ.

ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಎರಡೂ ಟ್ಯಾಂಕ್ ಖಾಲಿ ಮಾಡಿ, ತೊಳೆದು ನಿಲ್ಲಿಸಿ. ವಾಲ್ವ್ ಬಿಗಿಯಾಗಿದ್ದರೆ ಸಿಲಿಕೋನ್ ಲೂಬ್ರಿಕೆಂಟ್ ಹಾಕಿ, ಗ್ರೀಸ್ ಬೇಡ. ನೀರು ಹೆಪ್ಪುಗಟ್ಟುವ ಚಳಿಯಿದ್ದರೆ ಬಾಗಿದ ಪೈಪ್‌ಗಳಿಗೂ ಟ್ಯಾಂಕ್‌ಗೂ ಪ್ರೊಪಿಲೀನ್ ಗ್ಲೈಕಾಲ್ ಆಂಟಿಫ್ರೀಜ್ ಸ್ವಲ್ಪ ಸುರಿಯಿರಿ. ಕಾರಿನ ರೇಡಿಯೇಟರ್‌ಗೆ ಹಾಕುವುದು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್, ಅದು ವಿಷ, ಇಲ್ಲಿಗೆ ಆಗದು. ಹೋಸ್ ಅನ್ನು ಒಣಗಿಸಿ, ತುದಿಗಳಿಗೆ ಮುಚ್ಚಳ ಹಾಕಿ ಇಡಿ, ಮತ್ತೆ ಹೊರಡುವ ಮುಂಚೆ ಒಳ್ಳೆಯ ನೀರು ಹರಿಸಿ ಎಲ್ಲಾದರೂ ಸಣ್ಣ ತೂತು ಬಿದ್ದಿದೆಯಾ ನೋಡಿ.